ಮನೆಯ ಕೈಕೆಲಸ: ಬೈಸಿಕಲ್ಲಿನ ಆರೈಕೆ

ಮೈಸೂರಿನ ಓದುಗ ಮಹನೀಯರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಶಾಲೆಗೆ ಬೈಸಿಕಲ್ಲಿನ ಮೇಲೆಯೇ ಹೋಗಿ ಬರುತ್ತಾಳೆ. ಮೊದಲು ಅವರ ಬೀದಿಯ ಮೂಲೆಯಲ್ಲಿ ಒಂದು ಸೈಕಲ್ ಷಾಪು ಇದ್ದಿತಂತೆ. ಈಗ ಆ ಜಾಗದಲ್ಲಿ ಮೊಬೈಲ್ ಫೋನುಗಳ ಅಂಗಡಿ ಬಂದಿದೆ. ಮೋಟಾರ್ ಸೈಕಲ್ ರಿಪೇರಿ ಮಾಡುವವರು ಬೈಸಿಕಲ್ಲನ್ನು ಕಂಡರೆ ಮುಖ ತಿರುಗಿಸುತ್ತಾರೆ. “ಸ್ಪ್ಯಾನರನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ನನ್ನಂಥವನು ಮನೆಯಲ್ಲಿಯೇ ಏನೇನು ಮಾಡಿಕೊಳ್ಳಬಹುದು? ಯಾವುದನ್ನು ಮುಟ್ಟಬಾರದು?” ಎಂಬುದು ಅವರ ಪ್ರಶ್ನೆ.

ಪ್ರಶ್ನೆಯ ಎರಡನೆಯ ಭಾಗ ನನಗೆ ಬಹಳ ಹಿಡಿಸಿತು. ಹೊಸದಾಗಿ ಕೈ ಹಾಕುವವರು ಸಾಮಾನ್ಯವಾಗಿ ಮೊದಲ ಭಾಗವನ್ನಷ್ಟೇ ಕೇಳುತ್ತಾರೆ. ನಾನೂ ಹಾಗೆಯೇ ಇದ್ದೆ. ಎಚ್ಚರವೆಂಬುದನ್ನು ನಾನು ಕಲಿತದ್ದು ನನ್ನ ತಂಗಿಯ ಮಗಳ ಗದ್ದಕ್ಕೆ ಎರಡು ಹೊಲಿಗೆ ಬಿದ್ದ ಮೇಲೆ. ಆ ಸಂಗತಿಯನ್ನು ಅದರ ಸ್ಥಳ ಬಂದಾಗ ಹೇಳುತ್ತೇನೆ.

ಮನೆಯಲ್ಲಿರುವ ಯಂತ್ರಗಳಲ್ಲೆಲ್ಲ ಬೈಸಿಕಲ್ಲಿನಷ್ಟು ಬಿಚ್ಚುಮನಸ್ಸಿನದು ಇನ್ನೊಂದಿಲ್ಲ. ಗಡಿಯಾರಕ್ಕೆ ಮುಚ್ಚಳವಿದೆ, ಮಿಕ್ಸಿಗೆ ಕವಚವಿದೆ, ಬಟ್ಟೆ ಒಗೆಯುವ ಯಂತ್ರದ ಒಡಲೊಳಗೆ ಏನಿದೆಯೋ ಬಲ್ಲವರೇ ಬಲ್ಲರು. ಬೈಸಿಕಲ್ಲಾದರೋ ತನ್ನ ಅಂಗಾಂಗಗಳನ್ನೆಲ್ಲ ಹೊರಗೇ ಇಟ್ಟುಕೊಂಡು ನಿಂತಿದೆ. ಎಲ್ಲಿ ಸಡಿಲವಾಯಿತು, ಎಲ್ಲಿ ಒಣಗಿತು ಎಂಬುದನ್ನು ಸದ್ದುಮಾಡಿ ತಾನೇ ಹೇಳಿಕೊಳ್ಳುತ್ತದೆ. ಕೇಳುವ ಕಿವಿ ನಮಗಿದ್ದರೆ ಸಾಕು. ಚಕ್ರವನ್ನು ಒಂದು ಗೇಣಿನಷ್ಟು ಮೇಲಕ್ಕೆತ್ತಿ ನೆಲಕ್ಕೆ ಬಿಟ್ಟು ನೋಡಿ. ಟೈರು ‘ಧಪ್’ ಎಂದು ಪುಟಿದು ಸುಮ್ಮನಾದರೆ ಕ್ಷೇಮ. ಅದರ ಜೊತೆಗೆ ಗಲಗಲವೆಂದರೆ ಯಾವುದೋ ನಟ್ಟು ನಿಮ್ಮನ್ನು ಕರೆಯುತ್ತಿದೆ ಎಂದು ತಿಳಿಯಿರಿ.

ಸಲಕರಣೆಗಳು ಹೆಚ್ಚು ಬೇಡ. ಒಂದು ಪಂಪು, ಎರಡು ಟೈರ್ ಲಿವರುಗಳು, ಉಪ್ಪುಕಾಗದದ ತುಂಡು, ಪ್ಯಾಚುಗಳು, ಸೊಲ್ಯೂಷನ್ನಿನ ಒಂದು ಸಣ್ಣ ಟ್ಯೂಬು, ನಿಮ್ಮ ಬೈಸಿಕಲ್ಲಿನ ನಟ್ಟುಗಳಿಗೆ ಸರಿಯಾಗಿ ಕೂರುವ ಸ್ಪ್ಯಾನರುಗಳು, ಸವೆದ ಹಲ್ಲುಜ್ಜುವ ಬ್ರಷ್ಷು, ಹಳೆಯ ಪಂಚೆಯ ಚೂರು. ಇಷ್ಟಿದ್ದರೆ ಆರಂಭಕ್ಕೆ ಸಾಲುತ್ತದೆ. ಈಚಿನ ಗೇರಿನ ಸೈಕಲ್ಲಾದರೆ ಅಲೆನ್ ಕೀಗಳ ಒಂದು ಕಟ್ಟು ಕೂಡ ಬೇಕು. ‘ಸರಿಯಾಗಿ ಕೂರುವ’ ಎಂಬ ಮಾತನ್ನು ಬೇಕೆಂದೇ ಹೇಳಿದ್ದೇನೆ. ಅಳತೆ ತಪ್ಪಿದ ಸ್ಪ್ಯಾನರಿನಿಂದಲೋ ಇಕ್ಕಳದಿಂದಲೋ ನಟ್ಟನ್ನು ತಿರುಗಿಸಿದರೆ ಅದರ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಅದನ್ನು ಬಿಚ್ಚುವುದು ನುರಿತವರಿಗೂ ಕಷ್ಟ.

ಈಗ ಎಲ್ಲರಿಗೂ ಎದುರಾಗುವ ಸಂಕಟಕ್ಕೆ ಬರೋಣ. ಬೆಳಗ್ಗೆ ಎದ್ದು ನೋಡಿದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿದೆ. ಶಾಲೆಗೆ ಹೊತ್ತಾಗಿದೆ. ‘ಪಂಕ್ಚರ್ ಆಯಿತು’ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಡುತ್ತಾರೆ. ಸ್ವಲ್ಪ ತಾಳಿ. ನಮ್ಮ ಕರಿಯ ದೊಡ್ಡ ಬೈಸಿಕಲ್ಲುಗಳ ವಾಲ್ವಿನೊಳಗೆ ಲೋಹದ ಸಣ್ಣ ಕೊಳವೆಯೊಂದಿದ್ದು, ಅದರ ಮೇಲೆ ತೆಳ್ಳನೆಯ ರಬ್ಬರಿನ ಹೊದಿಕೆ ಇರುತ್ತದೆ. ಇದಕ್ಕೆ ವಾಲ್ವ್ ಟ್ಯೂಬು ಎಂದು ಹೆಸರು. ಪಂಪಿನ ಗಾಳಿ ಈ ರಬ್ಬರನ್ನು ಉಬ್ಬಿಸಿಕೊಂಡು ಒಳಗೆ ನುಗ್ಗುತ್ತದೆ. ಹಿಂದಿರುಗಲು ಯತ್ನಿಸಿದಾಗ ಅದೇ ರಬ್ಬರು ತೂತನ್ನು ಬಿಗಿಯಾಗಿ ಅಪ್ಪಿಕೊಂಡು ದಾರಿಯನ್ನು ಮುಚ್ಚಿಬಿಡುತ್ತದೆ. ಎಂಥ ಸರಳವಾದ ಉಪಾಯ! ಆದರೆ ಈ ರಬ್ಬರು ಬಿಸಿಲಿಗೆ ಒಣಗುತ್ತದೆ, ಸೀಳುತ್ತದೆ. ಚಕ್ರಕ್ಕೆ ಗಾಳಿ ತುಂಬಿ, ವಾಲ್ವಿನ ಬಾಯಿಗೂ ಅದರ ಬುಡಕ್ಕೂ ಸಾಬೂನಿನ ನೊರೆಯನ್ನು ಹಚ್ಚಿ ನೋಡಿ. ಗುಳ್ಳೆಗಳೆದ್ದರೆ ವಾಲ್ವ್ ಟ್ಯೂಬನ್ನು ಬದಲಾಯಿಸಿದರೆ ಮುಗಿಯಿತು. ನಾನು ಮೊದಮೊದಲು ಬಿಚ್ಚಿ ನೋಡಿದ ‘ಪಂಕ್ಚರು’ಗಳಲ್ಲಿ ಎಷ್ಟೋ ಇಂಥವೇ ಆಗಿದ್ದವು. ಮೋಟಾರ್ ಸೈಕಲ್ಲಿನಂಥ ವಾಲ್ವಿರುವ ಹೊಸ ಮಾದರಿಗಳಲ್ಲಿ ಈ ರಬ್ಬರು ಇರುವುದಿಲ್ಲ. ಅಲ್ಲಿ ಒಳಗಿನ ಪಿನ್ನು ಸಡಿಲವಾಗಿದೆಯೇ ಎಂದು ನೋಡಬೇಕು.

ನೊರೆಯಲ್ಲಿ ಗುಳ್ಳೆ ಏಳದಿದ್ದರೆ ನಿಜವಾದ ಪಂಕ್ಚರೇ ಸರಿ. ಅದಕ್ಕಾಗಿ ಚಕ್ರವನ್ನು ಕಳಚಬೇಕೆಂದು ಅನೇಕರು ಹೆದರುತ್ತಾರೆ. ಕಳಚಬೇಕಾಗಿಲ್ಲ. ಬೈಸಿಕಲ್ಲನ್ನು ಒಂದು ಗೋಣಿಚೀಲದ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಉಳಿದ ಗಾಳಿಯನ್ನೆಲ್ಲ ಬಿಟ್ಟು, ಟೈರಿನ ಒಂದು ಬದಿಯ ಅಂಚನ್ನು ಮಾತ್ರ ಲಿವರಿನಿಂದ ರಿಮ್ಮಿನ ಹೊರಕ್ಕೆ ತೆಗೆಯಿರಿ. ಲಿವರು ಇಲ್ಲದಿದ್ದರೆ ಗಟ್ಟಿಯಾದ ಊಟದ ಚಮಚದ ಹಿಡಿಯೂ ಆದೀತು, ಸ್ಕ್ರೂಡ್ರೈವರು ಬೇಡ. ಅದು ಒಂದು ತೂತನ್ನು ಹುಡುಕಲು ಹೋಗಿ ಎರಡನೆಯದನ್ನು ಮಾಡುತ್ತದೆ. ಟ್ಯೂಬನ್ನು ಹೊರಗೆಳೆದು ಗಾಳಿ ತುಂಬಿ, ಬಕೆಟ್ಟಿನ ನೀರಿನಲ್ಲಿ ಗೇಣುಗೇಣಾಗಿ ಮುಳುಗಿಸುತ್ತ ಬಂದರೆ ಗುಳ್ಳೆಗಳ ಸರ ತೂತಿನ ಗುಟ್ಟನ್ನು ರಟ್ಟುಮಾಡುತ್ತದೆ.

ತೂತು ಒಂದೇ ಆಗಿದ್ದರೆ ಮುಳ್ಳೋ ಮೊಳೆಯೋ ಕಾರಣ. ಅಕ್ಕಪಕ್ಕದಲ್ಲಿ ಎರಡು ಸೀಳುಗಳು ಹಾವು ಕಚ್ಚಿದಂತೆ ಕಂಡರೆ ಅಪರಾಧಿ ನೀವೇ! ಗಾಳಿ ಕಡಿಮೆಯಿದ್ದು, ಹಳ್ಳಕ್ಕೆ ಚಕ್ರ ಬಿದ್ದಾಗ ಟ್ಯೂಬು ನೆಲಕ್ಕೂ ರಿಮ್ಮಿಗೂ ನಡುವೆ ಸಿಕ್ಕಿ ಕತ್ತರಿಸಿದೆ. ಟೈರಿಗೆ ಎಷ್ಟು ಗಾಳಿ ಬೇಕೆಂಬುದನ್ನು ಅದರ ಪಕ್ಕೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದನ್ನು ಓದುವವರು ವಿರಳ.

ತೂತು ಸಿಕ್ಕ ಸಂಭ್ರಮದಲ್ಲಿ ಟೈರನ್ನು ಮರೆಯಬೇಡಿ. ಟೈರಿನ ಒಳಮೈಯಲ್ಲಿ ಬೆರಳನ್ನು ನಿಧಾನವಾಗಿ ಆಡಿಸುತ್ತ ಒಂದು ಸುತ್ತು ಬನ್ನಿ. ನಿಧಾನವಾಗಿ ಎಂದೆ, ಅಲ್ಲಿ ಜಾಲಿಮುಳ್ಳಿನ ತುದಿ ಇನ್ನೂ ಕಾದಿರಬಹುದು. ಅದನ್ನು ಕೀಳದೆ ಟ್ಯೂಬನ್ನು ಮಾತ್ರ ಹೊಲಿದು ಹಾಕಿದರೆ ಬೀದಿಯ ತಿರುವು ದಾಟುವುದರೊಳಗೆ ಮತ್ತೆ ಅದೇ ಕಥೆ.

ಇನ್ನು ಪ್ಯಾಚು. ತೂತಿನ ಸುತ್ತ ಟ್ಯೂಬನ್ನು ಚೆನ್ನಾಗಿ ಒಣಗಿಸಿ, ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು. ಪ್ಯಾಚಿಗಿಂತ ತುಸು ಅಗಲವಾಗಿ ಸೊಲ್ಯೂಷನ್ನನ್ನು ತೆಳ್ಳಗೆ ಬಳಿಯಬೇಕು. ಆಮೇಲೆ ಸುಮ್ಮನೆ ಕುಳಿತಿರಬೇಕು. ಹೊಸಬರು ಸೋಲುವುದು ಈ ಸುಮ್ಮನೆ ಕುಳಿತುಕೊಳ್ಳುವುದರಲ್ಲಿಯೇ. ಹಸಿಯಾದ ಸೊಲ್ಯೂಷನ್ನಿನ ಮೇಲೆ ಪ್ಯಾಚನ್ನು ಒತ್ತಿದರೆ ಅದು ಜಾರುತ್ತದೆ, ಹಿಡಿಯುವುದಿಲ್ಲ. ಏಕೆಂದರೆ ಇದು ಅಂಚೆ ಚೀಟಿಗೆ ಹಚ್ಚುವ ಗೋಂದಿನಂಥದಲ್ಲ. ಅದರೊಳಗಿನ ದ್ರವ ಹಾರಿಹೋಗಿ ಮೇಲ್ಮೈಯ ಮಿರುಗು ಆರಿದ ಮೇಲೆಯೇ ರಬ್ಬರಿಗೆ ರಬ್ಬರು ಬೆಸೆಯುತ್ತದೆ. ಐದು ನಿಮಿಷವಾದರೂ ಬೇಕು. ಮೋಡ ಕವಿದ ದಿನ ಇನ್ನೂ ಹೆಚ್ಚು. ಅನಂತರ ಪ್ಯಾಚನ್ನು ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿ, ಸುತ್ತಲಿನ ಅಂಟಿಗೆ ಮುಖಕ್ಕೆ ಹಚ್ಚುವ ಪೌಡರನ್ನು ಒಂದಿಷ್ಟು ಉದುರಿಸಿದರೆ ಟ್ಯೂಬು ಟೈರಿಗೆ ಅಂಟಿಕೊಳ್ಳುವುದಿಲ್ಲ.

ಟ್ಯೂಬನ್ನು ಒಳಗೆ ಸೇರಿಸುವ ಮುನ್ನ ಅದು ದುಂಡಗೆ ನಿಲ್ಲುವಷ್ಟು ಗಾಳಿ ತುಂಬಿರಿ. ಟೈರಿನ ಅಂಚನ್ನು ಹೆಬ್ಬೆರಳುಗಳಿಂದಲೇ ರಿಮ್ಮಿನೊಳಕ್ಕೆ ತಳ್ಳುತ್ತ ಬಂದು, ಕೊನೆಯ ಗೇಣು ವಾಲ್ವಿನ ಬಳಿಗೆ ಬರುವಂತೆ ನೋಡಿಕೊಳ್ಳಿ. ಅದು ಬಿಗಿಯೆನಿಸಿದರೆ, ಈಗಾಗಲೇ ಕೂರಿಸಿದ ಎದುರು ಬದಿಯ ಅಂಚನ್ನು ರಿಮ್ಮಿನ ನಡುವಣ ತಗ್ಗಿಗೆ ಒತ್ತಿದಲ್ಲಿ ಇತ್ತ ಸಡಿಲು ಸಿಗುತ್ತದೆ. ಕೊನೆಗೆ ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಿ. ಟ್ಯೂಬು ಅಂಚಿನಡಿ ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ.

ಬೈಸಿಕಲ್ಲಿಗೆ ಗಾಳಿಯ ಟೈರನ್ನು ಬಳಕೆಗೆ ತಂದವನು ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ. ಬೆಲ್‌ಫಾಸ್ಟ್ ನಗರದಲ್ಲಿದ್ದ ಈತ ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಕಟ್ಟಿದನು. 1888ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಮಗನ ಸವಾರಿ ಸುಖವಾಯಿತು. ಪಂಕ್ಚರಿನ ಕಾಟ ನಮ್ಮ ಪಾಲಿಗೆ ಬಂದಿತು.

ಎಣ್ಣೆಯ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಬೇರೂರಿದೆ. ವರ್ಷವೆಲ್ಲ ಬೈಸಿಕಲ್ಲಿನ ಕಡೆ ಕಣ್ಣೆತ್ತಿ ನೋಡದವರು ಆಯುಧಪೂಜೆಯ ದಿನ ಅದನ್ನು ಅಂಗಳಕ್ಕೆ ತಂದು, ಕೊಡಗಟ್ಟಲೆ ನೀರು ಸುರಿದು ಮೀಯಿಸಿ, ಅಡಿಗೆಮನೆಯ ಕೊಬ್ಬರಿಎಣ್ಣೆಯಿಂದ ಅಡಿಯಿಂದ ಮುಡಿಯವರೆಗೆ ಒರೆಸಿ, ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕುತ್ತಾರೆ. ಕುಂಕುಮಕ್ಕೂ ಹಾರಕ್ಕೂ ನನ್ನ ಆಕ್ಷೇಪಣೆಯಿಲ್ಲ. ಆದರೆ ಎಣ್ಣೆಯ ಬಟ್ಟೆ ರಿಮ್ಮನ್ನು ಸವರಿತೆಂದರೆ ಮಾರನೆಯ ದಿನ ಬ್ರೇಕು ಹಿಡಿಯದು. ವಿಜಯದಶಮಿಯ ಬೆಳಗ್ಗೆ ಮಕ್ಕಳು ಹೊಳೆಯುವ ಸೈಕಲ್ಲನ್ನೇರಿ ಹೊರಟಾಗ ಇದು ಯಾರ ನೆನಪಿಗೂ ಬರುವುದಿಲ್ಲ. ರಿಮ್ಮಿನ ಮೇಲೆ, ಬ್ರೇಕಿನ ರಬ್ಬರಿನ ಮೇಲೆ, ಡಿಸ್ಕ್ ಬ್ರೇಕಿದ್ದರೆ ಆ ಬಿಲ್ಲೆಯ ಮೇಲೆ ಎಣ್ಣೆಯ ಒಂದು ಹನಿಯೂ ಬೀಳಕೂಡದು. ಬಿಲ್ಲೆಯನ್ನಂತೂ ಬರಿಗೈಯಿಂದಲೂ ಮುಟ್ಟದಿರುವುದು ಲೇಸು.

ಎಣ್ಣೆ ಬೇಕಾದದ್ದು ಚೈನಿಗೆ, ಫ್ರೀವೀಲಿಗೆ, ಬ್ರೇಕಿನ ಹಿಡಿಗಳು ತಿರುಗುವ ಕೀಲುಗಳಿಗೆ. ಅಡಿಗೆಯ ಎಣ್ಣೆಗಳು ಕ್ರಮೇಣ ಗಟ್ಟಿಯಾಗಿ ಮೇಣದಂತಾಗಿ ಧೂಳನ್ನು ಹಿಡಿದುಕೊಳ್ಳುತ್ತವೆ. ಹೊಲಿಗೆಯಂತ್ರದ ಎಣ್ಣೆ ತೆಳುವಾದರೂ ಅದಕ್ಕಿಂತ ಎಷ್ಟೋ ಮೇಲು. ಚೈನಿಗೆಂದೇ ಮಾರುವ ಎಣ್ಣೆ ಸಿಕ್ಕಿದರೆ ಉತ್ತಮ. ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಅದ್ದಿ ಚೈನಿನ ಕರಿಯನ್ನೆಲ್ಲ ತಿಕ್ಕಿ ತೆಗೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿಯಂತೆ ಬಿಡುತ್ತ ಪೆಡಲನ್ನು ಹಿಂದಕ್ಕೆ ತಿರುಗಿಸಿರಿ. ಕಾಲು ಗಂಟೆ ಬಿಟ್ಟು ಹೊರಮೈಯ ಎಣ್ಣೆಯನ್ನು ಒರೆಸಿಬಿಡಿ. ಕೆಲಸ ಮಾಡುವುದು ಕೊಂಡಿಯೊಳಗೆ ಇಳಿದ ಎಣ್ಣೆ. ಹೊರಗೆ ಉಳಿದದ್ದು ಷರಾಯಿಗೂ ಸೀರೆಯ ಅಂಚಿಗೂ ಕರಿ ಹಚ್ಚಲು ಮಾತ್ರ ಉಪಯೋಗ.

ಚೈನು ಸವೆದಿದೆಯೇ ಎಂದು ತಿಳಿಯಲು ಉದ್ದನೆಯ ಒಂದು ಅಳತೆಪಟ್ಟಿ ಸಾಕು. ಬೈಸಿಕಲ್ ಚೈನಿನ ಒಂದು ಪಿನ್ನಿಗೂ ಮುಂದಿನ ಪಿನ್ನಿಗೂ ಅಂತರ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು. ಆದುದರಿಂದ ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ ಸರಿಯಾಗಿ 12 ಅಂಗುಲ. ಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, 24ನೆಯ ಕೊಂಡಿಯ ಕೊನೆಯ ಪಿನ್ನು ಎಲ್ಲಿ ಬರುತ್ತದೆಂದು ನೋಡಿ. ಹನ್ನೆರಡನ್ನು ದಾಟಿ ಅಂಗುಲದ ಎಂಟರಲ್ಲೊಂದು ಭಾಗದಷ್ಟು ಮುಂದೆ ಹೋಗಿದ್ದರೆ ಆ ಚೈನಿನ ಆಯುಷ್ಯ ತೀರಿದಂತೆ. ಅದು ಫ್ರೀವೀಲಿನ ಹಲ್ಲುಗಳನ್ನೂ ತಿನ್ನಲಾರಂಭಿಸಿರುತ್ತದೆ. ಅದರ ಅರ್ಧದಷ್ಟು ಮುಂದೆ ಹೋದಾಗಲೇ ಬದಲಾಯಿಸುವುದು ಮಿತವ್ಯಯದ ದಾರಿ.

ಈಗ ಬ್ರೇಕು, ಮತ್ತು ನಾನು ಹೇಳುತ್ತೇನೆಂದ ಕಥೆ.

ಹಲವು ವರ್ಷಗಳ ಹಿಂದೆ ನಾನು ಹೊಸದಾಗಿ ಈ ಕೆಲಸಗಳನ್ನು ಕಲಿತಿದ್ದೆ. ಎರಡು ಪಂಕ್ಚರುಗಳನ್ನು ಯಶಸ್ವಿಯಾಗಿ ಹಾಕಿದ್ದರಿಂದ ನನ್ನನ್ನು ನಾನೇ ಮೇಸ್ತ್ರಿಯೆಂದು ಭಾವಿಸಿಕೊಂಡಿದ್ದ ಕಾಲವದು. ಬಸವನಗುಡಿಯಲ್ಲಿದ್ದ ತಂಗಿಯ ಮನೆಗೆ ಹೋದಾಗ ಅವಳ ಮಗಳ ಸೈಕಲ್ಲಿನ ಬ್ರೇಕಿನ ರಬ್ಬರುಗಳು ಲೋಹ ಕಾಣುವಷ್ಟು ಸವೆದಿದ್ದವು. “ಷಾಪಿಗೆ ಕಳಿಸೋಣ ಅಣ್ಣ” ಎಂದಳು ತಂಗಿ. ನಾನು ಬಿಡುವೆನೆ? ಹೊಸ ರಬ್ಬರುಗಳನ್ನು ತಂದು, ಬ್ರೇಕ್ ಶೂಗಳನ್ನು ಬಿಚ್ಚಿ, ರಬ್ಬರುಗಳನ್ನು ಅವುಗಳೊಳಕ್ಕೆ ಸರಿಸಿ, ಮತ್ತೆ ಜೋಡಿಸಿ ಬಿಗಿದೆ. ಅಂಗಳದಲ್ಲಿ ಚಕ್ರವನ್ನು ಎತ್ತಿ ತಿರುಗಿಸಿ ಬ್ರೇಕು ಹಿಡಿದರೆ ಗಕ್ಕನೆ ನಿಂತಿತು. ಹುಡುಗಿ “ಥ್ಯಾಂಕ್ಸ್ ಮಾವ” ಎಂದು ಹತ್ತಿಕೊಂಡು ಹೊರಟಳು.

ದೊಡ್ಡ ಬಸವಣ್ಣನ ಗುಡಿಯ ಬಳಿಯ ಇಳಿಜಾರಿನಲ್ಲಿ ಅವಳು ಬ್ರೇಕು ಒತ್ತಿದಳು. ಮುಂದಿನ ಚಕ್ರದ ಎರಡು ರಬ್ಬರುಗಳೂ ಚಿಮ್ಮಿ ಬೀದಿಗೆ ಬಿದ್ದವು. ಕಾಲನ್ನು ನೆಲಕ್ಕೆ ಊರಿ ನಿಲ್ಲಿಸಲು ನೋಡಿದಳಂತೆ, ಚಪ್ಪಲಿ ಕಿತ್ತುಹೋಯಿತು. ಕೊನೆಗೆ ನಿಂತದ್ದು ಎಳನೀರಿನ ತಳ್ಳುಗಾಡಿಗೆ ತಗಲಿ. ಮಂಡಿ ತರಚಿತ್ತು, ಗದ್ದ ಸೀಳಿತ್ತು. ಎದುರಿಗೆ ಬಸ್ಸು ಬರುತ್ತಿರಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ. ತಂಗಿ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು.

ಸಂಜೆ ಆ ಸೈಕಲ್ಲನ್ನು ತಳ್ಳಿಕೊಂಡು ಷಾಪಿಗೆ ಹೋದೆ. ಅದರ ಯಜಮಾನರು ವಯಸ್ಸಾದವರು. ಖಾಲಿಯಾಗಿದ್ದ ಬ್ರೇಕ್ ಶೂವನ್ನು ಹೆಬ್ಬೆರಳಿನಿಂದ ಸವರಿ, “ಬಾಯಿ ಯಾವ ಕಡೆ ಇಟ್ಟಿದ್ದೀರಿ ನೋಡಿ ಸ್ವಾಮಿ” ಎಂದರು. ಶೂವಿನ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತುದಿ ರಬ್ಬರನ್ನು ಸರಿಸಲೆಂದು ತೆರೆದಿರುತ್ತದೆ. ತೆರೆದ ಬಾಯನ್ನು ನಾನು ಮುಂದಕ್ಕೆ ಇಟ್ಟಿದ್ದೆ. ಬ್ರೇಕು ಒತ್ತಿದಾಗ ಓಡುವ ರಿಮ್ಮು ರಬ್ಬರನ್ನು ತನ್ನ ಜೊತೆಗೆ ಎಳೆದುಕೊಂಡು ಹೋಗಲು ನೋಡುತ್ತದೆ. ಮುಂದೆ ಮುಚ್ಚಿದ ಬೆನ್ನಿದ್ದರೆ ರಬ್ಬರು ಅದಕ್ಕೆ ಒತ್ತಿಕೊಂಡು ಇನ್ನಷ್ಟು ಭದ್ರವಾಗುತ್ತದೆ. ಬಾಯಿದ್ದರೆ ಹೊರಕ್ಕೆ ಜಾರುತ್ತದೆ. ಅಂಗಳದಲ್ಲಿ ಎತ್ತಿ ಹಿಡಿದ ಹಗುರವಾದ ಚಕ್ರ ನಿಂತದ್ದು ನಿಜ. ಆದರೆ ಇಳಿಜಾರಿನಲ್ಲಿ ಸವಾರಳ ಭಾರವನ್ನೂ ವೇಗವನ್ನೂ ಹೊತ್ತ ಚಕ್ರದ ಎಳೆತವೇ ಬೇರೆ.

ಅವರು ಸುಮ್ಮನಿರದೆ ಚೈನಿನ ಲಾಕನ್ನೂ ತೋರಿಸಿದರು. ಗೇರಿಲ್ಲದ ಸೈಕಲ್ಲುಗಳ ಚೈನನ್ನು ಕೂಡಿಸುವ ಕೊಂಡಿಯ ಮೇಲೆ ಮೀನಿನ ಆಕಾರದ ಸಣ್ಣ ತಗಡಿನ ಕ್ಲಿಪ್ಪೊಂದಿರುತ್ತದೆ. ಅದರದೂ ಒಂದು ತುದಿ ದುಂಡು, ಒಂದು ತುದಿ ಸೀಳು. ಚೈನು ಓಡುವ ದಿಕ್ಕಿಗೆ ದುಂಡು ತುದಿ ಇರಬೇಕು. ಏನಾದರೂ ತಗಲಿದರೆ ಕ್ಲಿಪ್ಪು ಕಳಚದೆ ಇನ್ನಷ್ಟು ಒಳಕ್ಕೆ ಕೂರುತ್ತದೆ. “ಓಟದ ಕಡೆಗೆ ಬೆನ್ನು, ಬಾಯಿ ಹಿಂದಕ್ಕೆ” ಎಂದು ಎರಡಕ್ಕೂ ಸೇರಿಸಿ ಹೇಳಿದರು. ರಿಪೇರಿಗೆ ಹಣ ತೆಗೆದುಕೊಂಡರು, ಪಾಠಕ್ಕೆ ತೆಗೆದುಕೊಳ್ಳಲಿಲ್ಲ. ಆ ಷಾಪು ಕೂಡ ಈಗ ಇಲ್ಲ.

ಒಂದು ಸೂಕ್ಷ್ಮವನ್ನು ಇಲ್ಲಿ ಸೇರಿಸಬೇಕು. ಮುಂದಿನ ಬ್ರೇಕು ಚಕ್ರದ ಮೇಲ್ಭಾಗದಲ್ಲಿರುವುದರಿಂದ ಅಲ್ಲಿ ರಿಮ್ಮು ಮುಂದಕ್ಕೆ ಓಡುತ್ತದೆ. ಸರಳು ಬ್ರೇಕಿನ ಹಳೆಯ ಮಾದರಿಗಳಲ್ಲಿ ಹಿಂದಿನ ಶೂಗಳು ಚಕ್ರದ ಮುಂಭಾಗದಲ್ಲಿ, ಪೆಡಲಿನ ಹಿಂದೆ ಇರುತ್ತವೆ. ಅಲ್ಲಿ ರಿಮ್ಮು ಕೆಳಮುಖವಾಗಿ ಓಡುತ್ತದೆ. ಆದುದರಿಂದ ಕಣ್ಣಂದಾಜು ಬೇಡ. ಚಕ್ರವನ್ನು ಕೈಯಿಂದ ಸವಾರಿಯ ದಿಕ್ಕಿಗೆ ತಿರುಗಿಸಿ, ರಿಮ್ಮು ಯಾವ ಕಡೆಗೆ ಹರಿಯುವುದೋ ಆ ಕಡೆಗೆ ಮುಚ್ಚಿದ ತುದಿಯನ್ನಿಡಿ. ರಬ್ಬರು ಪೂರ್ಣವಾಗಿ ರಿಮ್ಮನ್ನೇ ಮುಟ್ಟಬೇಕು. ಟೈರಿಗೆ ತಾಗಿದರೆ ಅದನ್ನು ಕೊಯ್ಯುತ್ತದೆ. ಹಿಡಿಯನ್ನು ಬಲವಾಗಿ ಒತ್ತಿದಾಗ ಅದು ಹ್ಯಾಂಡಲಿಗೆ ಬಂದು ತಗಲಬಾರದು. ಪರೀಕ್ಷೆಯನ್ನು ನೆಲದ ಮೇಲೆಯೇ ಮಾಡಿ: ಮುಂದಿನ ಬ್ರೇಕನ್ನು ಹಿಡಿದು ಬೈಸಿಕಲ್ಲನ್ನು ಜೋರಾಗಿ ಮುಂದಕ್ಕೆ ತಳ್ಳಿದರೆ ಚಕ್ರ ಉರುಳದೆ ಹಿಂಭಾಗ ಮೇಲೇಳಬೇಕು. ಆಮೇಲೆ ಸಮನೆಲದಲ್ಲಿ ನೀವೇ ಒಂದು ಸುತ್ತು ಹೋಗಿ ಬನ್ನಿ. ಮಕ್ಕಳಿಗೆ ಕೊಡುವುದು ಅನಂತರ. ಮಳೆಗಾಲದಲ್ಲಂತೂ ಉಕ್ಕಿನ ರಿಮ್ಮು ನೆನೆದರೆ ಹಿಡಿತ ಬಹಳ ಕುಗ್ಗುತ್ತದೆ. ಮೊದಲ ಕೆಲವು ಸುತ್ತುಗಳು ನೀರನ್ನು ಒರೆಸುವುದರಲ್ಲಿಯೇ ಕಳೆಯುತ್ತವೆ. ಇದನ್ನು ಮಕ್ಕಳಿಗೆ ಮಾತಿನಲ್ಲಿ ಹೇಳಿದರೆ ಸಾಲದು, ನೆನೆದ ಬೀದಿಯಲ್ಲಿ ನಿಧಾನವಾಗಿ ಓಡಿಸಿ ತೋರಿಸಬೇಕು.

ಇನ್ನು ಹಿಂದಿನ ಚಕ್ರದ ನಟ್ಟುಗಳು. ಚೈನು ಜೋತಾಡುತ್ತಿದ್ದರೆ ಇವನ್ನು ಸಡಿಲಿಸಿ ಚಕ್ರವನ್ನು ಹಿಂದಕ್ಕೆಳೆಯಬೇಕು. ಚೈನಿನ ನಡುವೆ ಬೆರಳಿಟ್ಟು ಆಡಿಸಿದರೆ ಅದು ಅರ್ಧ ಅಂಗುಲದಷ್ಟು ಮೇಲೆ ಕೆಳಗೆ ಆಡಬೇಕು. ಚಕ್ರ ಎರಡು ಕೊಳವೆಗಳ ಸರಿನಡುವೆ ನಿಂತಿದೆಯೆಂದು ನೋಡಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ. ಒಂದು ಕಡೆಯನ್ನೇ ಪೂರ್ತಿ ಬಿಗಿದರೆ ಚಕ್ರ ವಾರೆಯಾಗುತ್ತದೆ. ಗೇರಿನ ಸೈಕಲ್ಲುಗಳಲ್ಲಿ ಚೈನನ್ನು ಬಿಗಿಹಿಡಿಯುವ ಏರ್ಪಾಟು ಬೇರೆಯೇ ಇರುವುದರಿಂದ ಈ ಕೆಲಸವಿಲ್ಲ.

ಪತ್ರ ಬರೆದ ಮಹನೀಯರ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದು. ಸೊಟ್ಟಗಾದ ರಿಮ್ಮಿನ ಕಡ್ಡಿಗಳನ್ನು ಬಿಗಿಯಲು ಹೋಗಬೇಡಿ. ಒಂದು ಕಡ್ಡಿಯನ್ನು ಬಿಗಿದರೆ ಹತ್ತು ಕಡ್ಡಿಗಳ ಲೆಕ್ಕ ತಪ್ಪುತ್ತದೆ. ಪೆಡಲಿನ ಅಚ್ಚಿನ ಗುಂಡುಗಳನ್ನು ಬಿಚ್ಚಬೇಡಿ. ಹ್ಯಾಂಡಲಿನ ಕೆಳಗೆ ಕಡಕಡ ಎನ್ನುತ್ತಿದ್ದರೆ, ಎಲ್ಲಾದರೂ ಕೊಳವೆಯಲ್ಲಿ ಕೂದಲಿನಂಥ ಬಿರುಕು ಕಂಡರೆ, ಎಷ್ಟೇ ದೂರವಾಗಲಿ ಬಲ್ಲವರ ಬಳಿಗೆ ತಳ್ಳಿಕೊಂಡೇ ಹೋಗಿ, ಹತ್ತಿಕೊಂಡು ಹೋಗಬೇಡಿ. ಉಳಿದದ್ದನ್ನು ಧೈರ್ಯವಾಗಿ ಮಾಡಿ. ನಿಮ್ಮ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಗೇ ಸ್ಪ್ಯಾನರನ್ನು ಕೊಡಿ. ನನ್ನ ತಂಗಿಯ ಮಗಳು ಈಗ ದೊಡ್ಡವಳಾಗಿ ಉದ್ಯೋಗದಲ್ಲಿದ್ದಾಳೆ. ನಮ್ಮ ಮನೆಗೆ ಬಂದು ನನ್ನ ಸೈಕಲ್ಲನ್ನು ತೆಗೆದುಕೊಂಡು ಹೋಗುವಾಗ ಮೊದಲು ಬಗ್ಗಿ ಬ್ರೇಕ್ ಶೂವಿನ ಬಾಯಿ ಯಾವ ಕಡೆಗಿದೆ ಎಂದು ನೋಡುತ್ತಾಳೆ. ನಾನು ಬೇರೆಲ್ಲೋ ನೋಡುತ್ತಿದ್ದವನಂತೆ ನಿಂತಿರುತ್ತೇನೆ.

ಪೆಡಲುಗಳ ಬಗೆಗೆ ಒಂದು ಮಾತು ಬಿಟ್ಟುಹೋಯಿತು. ಎಡಗಡೆಯ ಪೆಡಲಿನ ಮರೆ ತಿರುವುಮುರುವಾಗಿರುತ್ತದೆ. ಅದನ್ನು ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸ್ಪ್ಯಾನರನ್ನು ತಿರುಗಿಸಬೇಕು. ಇದನ್ನರಿಯದೆ ಬಲವನ್ನೆಲ್ಲ ಹಾಕಿ ಬಿಗಿದವರನ್ನು ಕಂಡಿದ್ದೇನೆ. ಕಡ್ಡಿಗಳ ವಿಚಾರವನ್ನು ಕಲಿಯಲೇಬೇಕೆಂಬ ಹಟವುಳ್ಳವರಿಗಾಗಿ ಮುಂದಿನ ವಾರ ಬರೆಯುತ್ತೇನೆ. ಅಷ್ಟರೊಳಗೆ ಅಭ್ಯಾಸಕ್ಕೊಂದು ಹಳೆಯ ಚಕ್ರವನ್ನು ಹುಡುಕಿಟ್ಟುಕೊಂಡಿರಿ.